ಅಚ್ಚಿನ ಒಡೆಯ ಯಾರು?

ಗಜೇಂದ್ರಗಡದ ಜಾನುವಾರು ಸಂತೆಯಲ್ಲಿ ಒಂದು ಜೋಡಿ ಎತ್ತು ಕೈ ಬದಲಾಗುವ ಕ್ರಮವನ್ನು ಈ ಭಾಗದ ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಕೊಳ್ಳುವ ರೈತನು ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ಪರೀಕ್ಷಿಸುತ್ತಾನೆ. ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ದರ ಮಾತನಾಡುವುದು ಆಮೇಲಿನ ಸಂಗತಿ. ಮಾರುವವನು ಇದರಿಂದ ಬೇಸರಪಡುವುದಿಲ್ಲ. ಹಲ್ಲು ಎಣಿಸುವವನೇ ನಿಜವಾದ ಗಿರಾಕಿ ಎಂಬುದು ಅವನಿಗೆ ಗೊತ್ತು. ಬರಿದೇ ಬೆನ್ನು ಸವರಿ ಹೊಗಳಿ ಹೋಗುವವನು ಕೊಳ್ಳಲು ಬಂದವನಲ್ಲ.

ಇದೇ ಬಗೆಯ ಪರೀಕ್ಷೆ ಪ್ಲಾಸ್ಟಿಕ್ಕಿನ ಪುಟ್ಟ ವಿಮಾನ, ಟ್ಯಾಂಕು, ಹಡಗುಗಳಿಗೂ ನಡೆಯುತ್ತದೆ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ನಿಜವಾದ ಯುದ್ಧವಿಮಾನವೊಂದರ ಪ್ರತಿಯೊಂದು ಅಳತೆಯನ್ನು 72ರಿಂದ ಭಾಗಿಸಿ, ಆ ಪ್ರಮಾಣದಲ್ಲಿ ತಯಾರಿಸಿದ ಬಿಡಿಭಾಗಗಳ ಪೆಟ್ಟಿಗೆಯನ್ನು ಕಿಟ್ ಎಂದು ಮಾರುತ್ತಾರೆ. ಈ ಪ್ರಮಾಣದಲ್ಲಿ ಆರು ಅಡಿ ಎತ್ತರದ ಮನುಷ್ಯ ಒಂದು ಅಂಗುಲವಾಗುತ್ತಾನೆ. ಟ್ಯಾಂಕುಗಳಿಗೆ 1/35 ಎಂಬ ಪ್ರಮಾಣ ಹೆಚ್ಚು ರೂಢಿಯಲ್ಲಿದೆ. ಕೊಂಡವನು ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಟು ಹಾಕಿ ಜೋಡಿಸಿ, ಬಣ್ಣ ಬಳಿದು, ಲಾಂಛನಗಳನ್ನು ಅಂಟಿಸಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ದುಡಿಯುತ್ತಾನೆ. ಇದು ಮಕ್ಕಳ ಆಟಿಕೆಯಂತೆ ಕಂಡರೂ ಇದರ ಗಿರಾಕಿಗಳಲ್ಲಿ ಬಹುಪಾಲು ವಯಸ್ಕರು: ನಿವೃತ್ತ ಸೈನಿಕರು, ಎಂಜಿನಿಯರುಗಳು, ವೈದ್ಯರು, ಇತಿಹಾಸದ ಓದುಗರು.

ಈ ಹವ್ಯಾಸಿಗಳ ಜಗತ್ತಿನಲ್ಲಿ ಹೊಸ ಕಿಟ್‌ನ ಘೋಷಣೆಯೇ ಒಂದು ಹಬ್ಬ. ವರ್ಷದ ಆರಂಭದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳ, ಮೇ ತಿಂಗಳಿನಲ್ಲಿ ಜಪಾನಿನ ಶಿಜುವೊಕಾ ಹವ್ಯಾಸ ಮೇಳ ನಡೆಯುತ್ತವೆ. ತಯಾರಕರು ಮುಂಬರುವ ಕಿಟ್‌ಗಳ ಪಟ್ಟಿ, ಗಣಕಯಂತ್ರದ ನಕ್ಷೆ, ಪ್ರಾಯೋಗಿಕವಾಗಿ ಅಚ್ಚೊತ್ತಿದ ಭಾಗಗಳ ಚಿತ್ರ ಇವುಗಳನ್ನು ಪ್ರಕಟಿಸುತ್ತಾರೆ. ಮರುಕ್ಷಣವೇ ಚರ್ಚೆ ಆರಂಭವಾಗುತ್ತದೆ. ರೆಕ್ಕೆಯ ಕೋನ ಸರಿಯಿದೆಯೇ, ಚಕ್ರದ ಅಡ್ಡಗಲ ಎಷ್ಟು, ಈ ಬಗೆಯ ಫಿರಂಗಿ ಆ ವರ್ಷದ ಟ್ಯಾಂಕಿಗೆ ಇತ್ತೇ ಎಂದು ಹಳೆಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ವಾದಿಸುತ್ತಾರೆ. ಇಂಥವರಿಗೆ ‘ರಿವೆಟ್ ಎಣಿಸುವವರು’ ಎಂಬ ಅಡ್ಡಹೆಸರೇ ಉಂಟು. ಹಲ್ಲು ಎಣಿಸುವ ರೈತನಿಗೂ ರಿವೆಟ್ ಎಣಿಸುವ ಹವ್ಯಾಸಿಗೂ ಸ್ವಭಾವದಲ್ಲಿ ಅಂತರವಿಲ್ಲ.

ಈ ಚರ್ಚೆ ಹೊತ್ತು ಕಳೆಯುವವರ ಹರಟೆ ಎಂದು ಉದ್ಯಮಿಯೊಬ್ಬನು ಭಾವಿಸಿದರೆ ನಷ್ಟ ಅವನಿಗೇ. ಸರಕು ಮಾರುಕಟ್ಟೆಗೆ ಬರುವ ಮುನ್ನವೇ ಅದರ ದೋಷಗಳನ್ನು ಸಂಬಳವಿಲ್ಲದೆ ಪಟ್ಟಿ ಮಾಡಿಕೊಡುವ ಪರೀಕ್ಷಕರು ಬೇರೆ ಯಾವ ಉದ್ಯಮಕ್ಕೂ ಸುಲಭವಾಗಿ ದೊರೆಯುವುದಿಲ್ಲ. 2000ರ ದಶಕದ ಆರಂಭದಲ್ಲಿ ಚೀನದ ಟ್ರಂಪೆಟರ್ ಸಂಸ್ಥೆಯು ಅಮೆರಿಕದ ವೈಲ್ಡ್‌ಕ್ಯಾಟ್ ಯುದ್ಧವಿಮಾನದ 1/32 ಪ್ರಮಾಣದ ಕಿಟ್ ಸಿದ್ಧಪಡಿಸಿದಾಗ ಅದರ ಒಡಲಿನ ಆಕಾರ ತಪ್ಪಿದೆ ಎಂದು ಹವ್ಯಾಸಿಗಳು ತೋರಿಸಿಕೊಟ್ಟರು. ಸಂಸ್ಥೆಯು ಹಟ ಹಿಡಿಯದೆ ಒಡಲಿನ ಭಾಗವನ್ನು ಹೊಸದಾಗಿ ಅಚ್ಚು ಮಾಡಿಸಿತು. ಆ ಖರ್ಚು ಚಿಕ್ಕದಾಗಿರಲಾರದು. ಆದರೆ ಗಿರಾಕಿಯ ಮಾತು ಕೇಳುವ ತಯಾರಕ ಎಂಬ ಹೆಸರು ಅದಕ್ಕಿಂತ ದೊಡ್ಡದು.

ಕರ್ನಾಟಕಕ್ಕೆ ಹತ್ತಿರದ ಉದಾಹರಣೆಯೊಂದನ್ನು ನೋಡಬಹುದು. ಬ್ರಿಟಿಷ್ ವಿನ್ಯಾಸದ ನ್ಯಾಟ್ ಯುದ್ಧವಿಮಾನವನ್ನು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯು ಪರವಾನಗಿಯ ಮೇಲೆ ತಯಾರಿಸಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ನ್ಯಾಟ್ ವಿಮಾನದಲ್ಲಿ ಹೋರಾಡಿ ವೀರಮರಣವನ್ನಪ್ಪಿದ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರಿಗೆ ಪರಮವೀರ ಚಕ್ರ ಸಂದಿತು. ಭಾರತದ ಹವ್ಯಾಸಿಗೆ ಬೇಕಾಗಿರುವುದು ಆ ಒಂದು ಆಸನದ ಯುದ್ಧವಿಮಾನ. ಆದರೆ ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆಯ ಪ್ರಸಿದ್ಧ ನ್ಯಾಟ್ ಕಿಟ್ ಎರಡು ಆಸನಗಳ ತರಬೇತಿ ವಿಮಾನದ್ದು. ಮುಂಭಾಗವನ್ನಷ್ಟು ಬದಲಿಸಿದರೆ ಸಾಲದೆ ಎಂದು ಹೊರಗಿನವರಿಗೆ ಅನಿಸೀತು. ಹವ್ಯಾಸಿಗೆ ಗೊತ್ತು: ತರಬೇತಿ ವಿಮಾನದ ರೆಕ್ಕೆಯ ವಿಸ್ತೀರ್ಣವೇ ಹೆಚ್ಚು. ಒಂದು ಇನ್ನೊಂದಾಗದು.

ನ್ಯಾಟ್‌ನ್ನು ಎಚ್.ಎ.ಎಲ್. ಸುಧಾರಿಸಿ ರೂಪಿಸಿದ ಅಜೀತ್ ವಿಮಾನವು 1975ರಲ್ಲಿ ಮೊದಲ ಬಾರಿಗೆ ಹಾರಿತು. ಬೆಂಗಳೂರಿನಲ್ಲಿ ಹುಟ್ಟಿದ ಈ ವಿಮಾನದ 1/72 ಪ್ರಮಾಣದ ಕಿಟ್ ಕೂಡ ತಯಾರಾಯಿತು. ತಯಾರಿಸಿದವರು ಕರ್ನಾಟಕದವರಲ್ಲ, ಭಾರತದವರೂ ಅಲ್ಲ; ಚೆಕ್ ಗಣರಾಜ್ಯದ ಸ್ಪೆಷಲ್ ಹಾಬಿ ಎಂಬ ಚಿಕ್ಕ ಸಂಸ್ಥೆಯವರು. ವಿಮಾನ ಇಲ್ಲಿಯದು, ಅದರ ಅಚ್ಚು ಅಲ್ಲಿಯದು. ಅಚ್ಚಿನ ಒಡೆಯ ಯಾರು ಎಂಬ ಈ ಪ್ರಶ್ನೆಯೇ ಗದಗ ಮತ್ತು ಕೊಪ್ಪಳ ಜಿಲ್ಲೆಗಳ ಸಣ್ಣ ಉದ್ಯಮಿಗಳು ಇಂದು ಯೋಚಿಸಬೇಕಾದ ಪ್ರಶ್ನೆ.

ಭಾನಾಪುರದ ಬಾಗಿಲು

ಗಜೇಂದ್ರಗಡಕ್ಕೆ ನೆರೆಯಾದ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆ ಪ್ರದೇಶದ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಶಂಕುಸ್ಥಾಪನೆ ಮಾಡಿದರು. ಇದನ್ನು ಕೈಗೊಂಡ ಏಕಸ್ ಸಂಸ್ಥೆಯು ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ನಿಜವಾದ ವಿಮಾನಗಳ ಬಿಡಿಭಾಗಗಳನ್ನು ತಯಾರಿಸಿ ಹೆಸರು ಮಾಡಿದ ಸಂಸ್ಥೆ. ವಿಮಾನದ ಭಾಗಗಳಿಗೆ ಬೇಕಾದ ನಿಖರತೆಯನ್ನು ಬಲ್ಲವರು ಆಟಿಕೆಯ ಅಚ್ಚಿಗೂ ಕೈ ಹಾಕಿದ್ದು ಉತ್ತರ ಕರ್ನಾಟಕದ ಮಟ್ಟಿಗೆ ಮಹತ್ವದ ಬೆಳವಣಿಗೆ. ಶಂಕುಸ್ಥಾಪನೆಯ ಕಾಲದಲ್ಲಿ ಸುಮಾರು 5,000 ಕೋಟಿ ರೂಪಾಯಿ ಹೂಡಿಕೆ ಹಾಗೂ 40,000 ಉದ್ಯೋಗಗಳ ಗುರಿಯನ್ನು ಪ್ರಕಟಿಸಲಾಗಿತ್ತು.

ಉದ್ಯೋಗಗಳ ಸಂಖ್ಯೆಯ ಮೇಲೆ ಎಲ್ಲರ ಕಣ್ಣು ಬೀಳುವುದು ಸಹಜ. ಆದರೆ ಲೆಕ್ಕ ಬಲ್ಲವರು ಇನ್ನೊಂದು ಅಂಕಣವನ್ನೂ ನೋಡಬೇಕು. ಆಟಿಕೆ ಉದ್ಯಮದಲ್ಲಿ ಎರಡು ಬಗೆಯ ದುಡಿಮೆಯಿದೆ. ಒಂದರಲ್ಲಿ ವಿನ್ಯಾಸ, ಅಚ್ಚು, ಹೆಸರು ಮೂರೂ ತಯಾರಕನವು. ಇನ್ನೊಂದರಲ್ಲಿ ಮೂರೂ ಬೇರೆಯವರವು; ಇಲ್ಲಿ ನಡೆಯುವುದು ಅಚ್ಚೊತ್ತುವ ಕೂಲಿ ಮಾತ್ರ. ಗಜೇಂದ್ರಗಡದ ನೇಕಾರರಿಗೆ ಈ ಭೇದ ತಲೆಮಾರುಗಳಿಂದ ಪರಿಚಿತ. ಮಾಲಕನಿಂದ ನೂಲು ತಂದು, ಅವನು ಹೇಳಿದ ಅಂಚು ನೇಯ್ದು, ಮಜೂರಿ ಎಣಿಸಿಕೊಳ್ಳುವವನದು ಒಂದು ಬದುಕು. ಸ್ವಂತ ನೂಲು, ಸ್ವಂತ ಮಗ್ಗ, ಸ್ವಂತ ಗಿರಾಕಿ ಇರುವವನದು ಇನ್ನೊಂದು. ಮಜೂರಿಯವನಿಗೆ ನಷ್ಟದ ಭಯ ಕಡಿಮೆ, ನಿಜ. ಸೀರೆಗೆ ಬೇಡಿಕೆ ಬಂದಾಗ ಅವನ ಪಾಲು ಹೆಚ್ಚುವುದಿಲ್ಲ ಎಂಬುದೂ ಅಷ್ಟೇ ನಿಜ. ಈ ಸೀಮೆಯ ಪಟ್ಟೆದ ಅಂಚಿನ ಸೀರೆಯು ಮರೆಯಾಗುವ ಸ್ಥಿತಿಗೆ ಬಂದು ಮತ್ತೆ ನಗರಗಳಲ್ಲಿ ಬೇಡಿಕೆ ಪಡೆದಾಗ ಅದಕ್ಕೆ ಬೆಲೆ ತಂದುಕೊಟ್ಟದ್ದು ನೂಲಿನ ತೂಕವಲ್ಲ. ಆ ಅಂಚು, ಆ ಚೌಕಳಿ, ಆ ಹೆಸರು.

ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 143ನೆಯ ಕಲಮು ಇದೇ ಮಾತನ್ನು ಕಾನೂನಿನ ಭಾಷೆಯಲ್ಲಿ ಹೇಳುತ್ತದೆ. ಜಾಬ್ ವರ್ಕ್‌ಗೆ ಕಳುಹಿಸಿದ ಕಚ್ಚಾ ಸರಕು ಒಂದು ವರ್ಷದಲ್ಲಿ, ಬಂಡವಾಳ ಸರಕು ಮೂರು ವರ್ಷಗಳಲ್ಲಿ ಹಿಂದಿರುಗಬೇಕೆಂಬುದು ನಿಯಮ. ಆದರೆ ಅಚ್ಚು, ಡೈ, ಜಿಗ್, ಫಿಕ್ಸ್ಚರ್ ಮತ್ತು ಉಪಕರಣಗಳಿಗೆ ಈ ಗಡುವು ಅನ್ವಯಿಸುವುದಿಲ್ಲ. ಅಚ್ಚು ಹತ್ತು ವರ್ಷ ಕೂಲಿಯವನ ಷೆಡ್ಡಿನಲ್ಲಿ ಇದ್ದರೂ ಒಡೆತನ ಕಳುಹಿಸಿದವನದೇ. ಅವನು ಕರೆದ ದಿನ ಅಚ್ಚು ಲಾರಿ ಏರಿ ಹೋಗುತ್ತದೆ. ಷೆಡ್ಡು, ಯಂತ್ರ, ಸಾಲದ ಕಂತು ಉಳಿಯುತ್ತವೆ.

ಮುಳುಗಿದ ಸಂಸ್ಥೆ, ಮುಳುಗದ ಅಚ್ಚು

ಅಚ್ಚಿನ ಒಡೆತನಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಏರ್‌ಫಿಕ್ಸ್ ಸಂಸ್ಥೆಯ ಚರಿತ್ರೆಗಿಂತ ಉತ್ತಮ ದೃಷ್ಟಾಂತ ಸಿಗಲಾರದು. 1939ರಲ್ಲಿ ನಿಕೊಲಸ್ ಕೋವ್ ಎಂಬ ಹಂಗೇರಿ ಮೂಲದ ಉದ್ಯಮಿ ಬ್ರಿಟನ್ನಿನಲ್ಲಿ ಸ್ಥಾಪಿಸಿದ ಈ ಸಂಸ್ಥೆ ಮೊದಲು ಮಾಡುತ್ತಿದ್ದುದು ಗಾಳಿ ತುಂಬುವ ಆಟಿಕೆ. ಆನಂತರ ಪ್ಲಾಸ್ಟಿಕ್ ಬಾಚಣಿಗೆ. 1950ರ ದಶಕದಲ್ಲಿ ಹಡಗು, ವಿಮಾನಗಳ ಕಿಟ್‌ಗಳಿಂದ ಅದು ಮನೆಮಾತಾಯಿತು. 1981ರಲ್ಲಿ ಸಂಸ್ಥೆ ಸಾಲಗಾರರ ವಶಕ್ಕೆ ಹೋಯಿತು. ಹೊಸ ಒಡೆಯರು ಬಂದರು, ಹೋದರು. 1986ರಲ್ಲಿ ಹಂಬ್ರೋಲ್ ಎಂಬ ಬಣ್ಣದ ಸಂಸ್ಥೆಯ ಕೈಗೆ ಬಂದಿತು. 2006ರಲ್ಲಿ ಆ ಹಂಬ್ರೋಲ್ ಕೂಡ ಕುಸಿಯಿತು. ಅದೇ ವರ್ಷ ಆಟದ ರೈಲುಗಳಿಗೆ ಹೆಸರಾದ ಹಾರ್ನ್‌ಬಿ ಸಂಸ್ಥೆಯು ಸುಮಾರು 26 ಲಕ್ಷ ಪೌಂಡ್ ಕೊಟ್ಟು ಇವೆರಡನ್ನೂ ಕೊಂಡುಕೊಂಡಿತು. ಆ ಹಣಕ್ಕೆ ಮುಖ್ಯವಾಗಿ ದೊರೆತದ್ದು ಎರಡು ವಸ್ತು: ಅಚ್ಚುಗಳು ಮತ್ತು ಹೆಸರು. ದಶಕಗಳ ಹಿಂದಿನ ಅಚ್ಚುಗಳಿಂದ ತೆಗೆದ ಕಿಟ್‌ಗಳನ್ನೇ ‘ವಿಂಟೇಜ್ ಕ್ಲಾಸಿಕ್ಸ್’ ಎಂಬ ಶ್ರೇಣಿಯಲ್ಲಿ ಆ ಸಂಸ್ಥೆಯು ಮತ್ತೆ ಮಾರಾಟಕ್ಕೆ ತಂದಿತು. ಸಂಸ್ಥೆ ಎರಡು ಬಾರಿ ಮುಳುಗಿತು. ಅಚ್ಚು ಒಮ್ಮೆಯೂ ಮುಳುಗಲಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. 2010ರ ದಶಕದಲ್ಲಿ ಹೊರಬಂದ ಏರ್‌ಫಿಕ್ಸ್‌ನ ಹಲವು ಕಿಟ್‌ಗಳ ಪೆಟ್ಟಿಗೆಯ ಮೇಲೆ ‘ಭಾರತದಲ್ಲಿ ತಯಾರಾದದ್ದು’ ಎಂಬ ಮುದ್ರೆಯಿತ್ತು. ಪ್ರಪಂಚದ ಅತಿ ಕಟ್ಟುನಿಟ್ಟಿನ ಗಿರಾಕಿಗಳು ಕಾತರದಿಂದ ಕಾದು ಕೊಳ್ಳುವ ಸರಕನ್ನು ಭಾರತದ ಕಾರ್ಮಿಕರು ಅಚ್ಚೊತ್ತಬಲ್ಲರು ಎಂಬುದಕ್ಕೆ ಇದು ಸಾಕ್ಷಿ. ಕೌಶಲವಿಲ್ಲ ಎಂಬ ನೆಪ ಇನ್ನು ನಡೆಯದು. ಆದರೆ ಆ ಕಿಟ್‌ಗಳ ಚರ್ಚೆಯಲ್ಲಿ ಹವ್ಯಾಸಿಗಳು ಆಡಿದ ಹೆಸರು ಏರ್‌ಫಿಕ್ಸ್‌ನದು. ಅಚ್ಚೊತ್ತಿದ ಊರಿನ ಹೆಸರನ್ನು ಕೇಳಿದವರು ವಿರಳ.

ಮರದ ಊರು ಪ್ಲಾಸ್ಟಿಕ್ಕಿನ ಊರಾದ ಬಗೆ

ಕೂಲಿಯಿಂದ ಒಡೆತನಕ್ಕೆ ಏರುವ ದಾರಿ ಇದೆಯೇ ಎಂದು ಕೇಳುವವರಿಗೆ ಜಪಾನಿನ ಶಿಜುವೊಕಾ ನಗರ ಉತ್ತರ ನೀಡುತ್ತದೆ. ಅದು ಮೂಲತಃ ಮರಗೆಲಸದವರ ಊರು. ದೇವಾಲಯಗಳ ನಿರ್ಮಾಣಕ್ಕೆಂದು ಬಂದು ನೆಲೆಸಿದ ಬಡಗಿಗಳ ಪರಂಪರೆ ಅಲ್ಲಿಯದು. 1946ರಲ್ಲಿ ಅಲ್ಲಿ ಆರಂಭವಾದ ತಾಮಿಯಾ ಸಂಸ್ಥೆಯು ಮೊದಲು ಮರ ಕೊಯ್ಯುವ ಮಿಲ್ಲು. ಬಳಿಕ ಅದು ಮರದ ಮಾದರಿಗಳಿಗೆ ಇಳಿಯಿತು. ವಿದೇಶಿ ಪ್ಲಾಸ್ಟಿಕ್ ಕಿಟ್‌ಗಳು ಬಂದು ಮರದ ಮಾದರಿ ಮೂಲೆಗುಂಪಾದಾಗ, 1960ರಲ್ಲಿ ಯಮಾಟೊ ಯುದ್ಧನೌಕೆಯ ಪ್ಲಾಸ್ಟಿಕ್ ಕಿಟ್ ತಂದಿತು. ಅದು ನಿರೀಕ್ಷಿಸಿದಷ್ಟು ನಡೆಯಲಿಲ್ಲ. 1961ರಲ್ಲಿ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಕಿಟ್ ತಂದಿತು. ಅದು ಸಂಸ್ಥೆಯನ್ನು ಉಳಿಸಿತು. ಮೋಟಾರು ಮತ್ತು ಬ್ಯಾಟರಿ ಹಿಡಿಸುವಂತೆ ಟ್ಯಾಂಕಿನ ಗಾತ್ರವನ್ನು ನಿರ್ಧರಿಸಿದಾಗ ಪ್ರಮಾಣ 1/35 ಎಂದು ಬಂದಿತು. ಬ್ಯಾಟರಿಯ ಅಳತೆಯಿಂದ ಹುಟ್ಟಿದ ಆ ಸಂಖ್ಯೆಯನ್ನೇ ಇತರ ದೇಶಗಳ ತಯಾರಕರೂ ಟ್ಯಾಂಕುಗಳಿಗೆ ಅಳವಡಿಸಿಕೊಂಡರು. ಆ ಸಂಸ್ಥೆಯನ್ನು ಬೆಳೆಸಿದ ಶುನ್ಸಾಕು ತಾಮಿಯಾ ಅವರು 2025ರ ಜುಲೈನಲ್ಲಿ ನಿಧನರಾದರು. ಅಳತೆಗಾಗಿ ಅಮೆರಿಕದ ಸೈನಿಕ ವಸ್ತುಸಂಗ್ರಹಾಲಯಕ್ಕೆ ಹೋಗಿ ಟ್ಯಾಂಕುಗಳ ಚಿತ್ರ ತೆಗೆದವರು, ಒಂದು ಪೋರ್ಷೆ ಕಾರನ್ನೇ ಕೊಂಡು ಬಿಚ್ಚಿ ನೋಡಿಸಿದವರು ಅವರು.

ಕೊಪ್ಪಳದ ಸಮೀಪವೂ ಅಂಥದೊಂದು ಮರಗೆಲಸದ ಊರಿದೆ. ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಕೆತ್ತಿ, ಬೆಸೆದು, ಹುಣಸೆ ಬೀಜದ ಅಂಟು ಸೇರಿಸಿದ ‘ಕಿಟ್ಟ’ವನ್ನು ಲೇಪಿಸಿ, ಬಣ್ಣ ಬಳಿದು ದೇವತೆಗಳನ್ನೂ ಪ್ರಾಣಿಪಕ್ಷಿಗಳನ್ನೂ ರೂಪಿಸುತ್ತಾರೆ. ಆ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಭಾಗ ಕೆತ್ತು, ಬೆಸೆ, ಸಂದು ಮುಚ್ಚು, ಬಣ್ಣ ಬಳಿ ಎಂಬ ನಾಲ್ಕು ಹಂತಗಳು ಅಳತೆಬದ್ಧ ಮಾದರಿಯ ಹವ್ಯಾಸಿಯ ನಾಲ್ಕು ಹಂತಗಳೇ ಆಗಿವೆ. ಅಚ್ಚು ಮಾಡುವ ಮುನ್ನ ಮೂಲ ಆಕೃತಿಯನ್ನು ಕೆತ್ತಬಲ್ಲ ಕೈ, ಪೆಟ್ಟಿಗೆಯ ಮೇಲಿನ ಚಿತ್ರ ಬರೆಯಬಲ್ಲ ಕಣ್ಣು ಇಲ್ಲಿವೆ. ಭಾನಾಪುರದ ಯಂತ್ರಕ್ಕೂ ಕಿನ್ನಾಳದ ಕೈಗೂ ನಡುವೆ ಇರುವ ಅಂತರ ಕೆಲವೇ ಮೈಲು. ಆ ಅಂತರವನ್ನು ಮುಚ್ಚುವವನೇ ಉದ್ಯಮಿ.

ಲೆಕ್ಕದ ಮಾತು

ಉತ್ಸಾಹಕ್ಕೆ ಲೆಕ್ಕದ ಕಡಿವಾಣ ಬೇಕು. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ ಕಲ್ಪಿಸಿದವು. ಪ್ರತಿಯೊಬ್ಬರೂ ತಮ್ಮ ದರಗಳನ್ನು ಹಾಕಿ ನೋಡಬೇಕು. ಒಂದು ಕಿಟ್‌ನ ಉಕ್ಕಿನ ಅಚ್ಚಿಗೆ 30 ಲಕ್ಷ ರೂಪಾಯಿ ತಗುಲಿತು ಎನ್ನೋಣ. ಸಗಟು ಮಾರಾಟ ದರ 400 ರೂಪಾಯಿ. ಅಚ್ಚೊತ್ತುವ ಕೂಲಿ 40. ಪ್ಲಾಸ್ಟಿಕ್, ಪೆಟ್ಟಿಗೆ, ಲಾಂಛನ, ಸಾಗಣೆ, ದಲ್ಲಾಳಿ ಸೇರಿ 160. ಒಂದು ಕಿಟ್‌ಗೆ 200 ರೂಪಾಯಿ ಉಳಿಯಿತು. ಅಚ್ಚಿನ ಖರ್ಚು ಮರಳಲು 15,000 ಕಿಟ್ ಮಾರಬೇಕು. 30,000 ಮಾರಿದರೆ 30 ಲಕ್ಷ ಉಳಿತಾಯ. 3,000 ಮಾತ್ರ ಹೋದರೆ 24 ಲಕ್ಷ ನಷ್ಟ. ಅಚ್ಚೊತ್ತುವ ಕೂಲಿಯವನಿಗೆ ಮೊದಲನೆಯ ಪ್ರಸಂಗದಲ್ಲಿ 12 ಲಕ್ಷ, ಎರಡನೆಯದರಲ್ಲಿ 1.20 ಲಕ್ಷ ಬರುತ್ತದೆ. ಅಚ್ಚಿನ ನಷ್ಟ ಅವನದಲ್ಲ. ಆದುದರಿಂದ ಕೂಲಿ ಕೆಲಸವನ್ನು ಹೀನವೆಂದು ತಿಳಿಯಬಾರದು. ಷೆಡ್ಡಿನ ಬಾಡಿಗೆ ಮತ್ತು ಸಾಲದ ಕಂತು ತೀರುವುದು ಅದರಿಂದಲೇ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಜಾಣತನ.

ಆದರೆ ಹಾಸಿಗೆಯನ್ನು ಹೊಲಿಸಿಕೊಳ್ಳುವ ದಾರಿಯೂ ಇದೆ. ಚೆಕ್ ದೇಶದ ಚಿಕ್ಕ ತಯಾರಕರು ಅನುಸರಿಸಿದ್ದು ‘ಶಾರ್ಟ್ ರನ್’ ಅಚ್ಚಿನ ಪದ್ಧತಿ. ದೊಡ್ಡವರ ಉಕ್ಕಿನ ಅಚ್ಚಿಗಿಂತ ಅಗ್ಗದ, ಕೆಲವೇ ಸಾವಿರ ಪ್ರತಿಗಳಿಗೆ ಸಾಲುವ ಅಚ್ಚು ಅದು. ಜೋಡಣೆ ಅಷ್ಟು ಸಲೀಸಾಗಿರದಿದ್ದರೂ ಬೇರೆ ಯಾರೂ ಮಾಡದ ವಿಮಾನವಾದುದರಿಂದ ಹವ್ಯಾಸಿಗಳು ಸಹಿಸಿಕೊಂಡು ಕೊಳ್ಳುತ್ತಾರೆ. ಮೇಲಿನ ಲೆಕ್ಕದಲ್ಲೇ ಅಚ್ಚಿನ ಖರ್ಚು 6 ಲಕ್ಷಕ್ಕೆ ಇಳಿದರೆ 3,000 ಕಿಟ್‌ಗಳಿಗೆ ಅಸಲು ಮರಳುತ್ತದೆ. ಅಜೀತ್‌ನಂಥ ವಿಮಾನವನ್ನು ದೂರದ ದೇಶದ ಚಿಕ್ಕ ಸಂಸ್ಥೆ ಆರಿಸಿಕೊಂಡದ್ದರ ಹಿಂದೆ ಇಂಥ ಲೆಕ್ಕವಿದೆ.

ಆದಾಯ ತೆರಿಗೆಯ 1962ರ ನಿಯಮಗಳು ರಬ್ಬರ್ ಮತ್ತು ಪ್ಲಾಸ್ಟಿಕ್ ಕಾರ್ಖಾನೆಗಳ ಅಚ್ಚುಗಳಿಗೆ ಸಾಮಾನ್ಯ ಯಂತ್ರಗಳ ಶೇ. 15ಕ್ಕೆ ಬದಲಾಗಿ ಶೇ. 30ರ ಸವಕಳಿಯನ್ನು ನೀಡಿದ್ದವು. ಆ ದರದಲ್ಲಿ 30 ಲಕ್ಷದ ಅಚ್ಚು ಐದು ವರ್ಷಗಳ ಕೊನೆಗೆ ಪುಸ್ತಕದಲ್ಲಿ ಸುಮಾರು 5 ಲಕ್ಷಕ್ಕೆ ಇಳಿಯುತ್ತದೆ. ಸವಕಳಿ ಪುಸ್ತಕದ ಮಾತು. ಚೆನ್ನಾಗಿ ಎಣ್ಣೆ ಹಚ್ಚಿ ಕಾಪಾಡಿದ ಅಚ್ಚು ಆಮೇಲೂ ಗಳಿಸುತ್ತಲೇ ಇರುತ್ತದೆ. ಜಮಾಖರ್ಚಿನಲ್ಲಿ ಶೂನ್ಯಕ್ಕೆ ಹತ್ತಿರವಾದ ಆಸ್ತಿಯೇ ಮನೆಯನ್ನು ನಡೆಸುವುದು ಇಂಥ ಕೆಲವು ಉದ್ಯಮಗಳ ಗುಟ್ಟು.

ಸುಂಕ ಮತ್ತು ನಿಯಮ

ಸುಂಕದ ಪಟ್ಟಿಯಲ್ಲಿ ಅಳತೆಬದ್ಧ ಮಾದರಿಗಳು ಆಟಿಕೆಗಳೊಂದಿಗೆ 9503ನೆಯ ಶೀರ್ಷಿಕೆಯಲ್ಲೇ ಬರುತ್ತವೆ. ಈ ಶೀರ್ಷಿಕೆಯ ಆಮದು ಸುಂಕವು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಘೋಷಣೆಯಾದ ಹೊಸ ಕಿಟ್‌ನ ಬೆಲೆ ಭಾರತದ ಹವ್ಯಾಸಿಯ ಕೈಸೇರುವಾಗ ಎಷ್ಟಾಗುತ್ತದೆ ಎಂಬ ಚಿಂತೆ ಅಂದಿನಿಂದ ಹವ್ಯಾಸಿಗಳ ಮಾತಿನ ಸ್ಥಾಯೀ ವಿಷಯವಾಯಿತು. ಅವರ ಈ ದೂರಿನಲ್ಲಿ ದೇಶೀಯ ತಯಾರಕನಿಗೆ ಒಂದು ಆಹ್ವಾನವಿದೆ. ಆದರೆ ಸುಂಕದ ಗೋಡೆಯ ಮರೆಯಲ್ಲಿ ಕಳಪೆ ಸರಕು ಮಾರಬಹುದೆಂಬ ಆಸೆ ಈ ಮಾರುಕಟ್ಟೆಯಲ್ಲಿ ಫಲಿಸದು. ಇಲ್ಲಿಯ ಗಿರಾಕಿ ರಿವೆಟ್ ಎಣಿಸುವವನು. ತಪ್ಪಿದ ರೆಕ್ಕೆಯನ್ನು ದೇಶಾಭಿಮಾನಕ್ಕಾಗಿ ಕೊಳ್ಳುವವನಲ್ಲ.

2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಕ್ಕೆ ಉದ್ದೇಶಿಸಿದ ವಸ್ತುಗಳಿಗೆ ಬಿ.ಐ.ಎಸ್. ಮುದ್ರೆಯನ್ನು ಕಡ್ಡಾಯಗೊಳಿಸಿತು. ವಯಸ್ಕರ ಕಿಟ್ ಎಂದು ಮಾರುವುದಾದರೆ ಪೆಟ್ಟಿಗೆಯ ಮೇಲಿನ ವಯಸ್ಸಿನ ಸೂಚನೆ, ಜಾಹೀರಾತು, ಮಾರಾಟದ ರೀತಿ ಎಲ್ಲವೂ ಅದಕ್ಕೆ ಹೊಂದಿರಬೇಕು; ಮಕ್ಕಳ ಅಂಗಡಿಯಲ್ಲಿ ಮಾರಿ ವಯಸ್ಕರ ಸರಕೆಂದು ವಾದಿಸುವುದು ಉಪಾಯವಾಗದು. ವಿದ್ಯುನ್ಮಾನವಲ್ಲದ ಆಟಿಕೆಗಳ ಜಿ.ಎಸ್.ಟಿ. ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದದ್ದು ಅನುಕೂಲವೇ ಸರಿ. ಮೋಟಾರು, ದೀಪ ಅಳವಡಿಸಿದ ಮಾದರಿಯ ವರ್ಗೀಕರಣವನ್ನು ಬಿಲ್ಲು ಹಾಕುವ ಮುನ್ನ ಖಚಿತಪಡಿಸಿಕೊಳ್ಳಬೇಕು. ಸ್ವಂತ ವಿನ್ಯಾಸವನ್ನು 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ ಹತ್ತು ವರ್ಷ, ಮುಂದುವರಿಸಿದರೆ ಇನ್ನೂ ಐದು ವರ್ಷ ರಕ್ಷಣೆಯಿದೆ. ವಿಮಾನ ತಯಾರಕರ ಹೆಸರು, ಲಾಂಛನ ಬಳಸಲು ಲಿಖಿತ ಒಪ್ಪಿಗೆ ಪಡೆಯುವುದು ಉಚಿತ.

ಎರಡು ಆಕ್ಷೇಪಗಳು

ಯುದ್ಧಸಾಮಗ್ರಿಯನ್ನು ಹವ್ಯಾಸವಾಗಿಸುವುದು ಸರಿಯೇ ಎಂಬ ಆಕ್ಷೇಪ ಬರುವುದುಂಟು. ಇದನ್ನು ತಳ್ಳಿಹಾಕಬಾರದು. ಆದರೆ ಈ ಹವ್ಯಾಸಿಗಳ ಮಾತಿನಲ್ಲಿ ಯುದ್ಧದ ವೈಭವಕ್ಕಿಂತ ಇತಿಹಾಸದ ವಿವರ ಹೆಚ್ಚು. ಸೆಖೋನ್ ಅವರ ವಿಮಾನದ ರೆಕ್ಕೆ ಎಷ್ಟು ಉದ್ದವಿತ್ತೆಂದು ಅಳೆಯುವವನು ಅವರ ಬಲಿದಾನವನ್ನು ಮರೆತಿರುವುದಿಲ್ಲ. ಮಾರುಕಟ್ಟೆ ಬಹಳ ಚಿಕ್ಕದು ಎಂಬುದು ಎರಡನೆಯ ಆಕ್ಷೇಪ. ಗದಗ, ಕೊಪ್ಪಳ, ಬಾಗಲಕೋಟೆಗಳನ್ನಷ್ಟೇ ನೋಡಿದರೆ ಅದು ಸತ್ಯ. ಆದರೆ ಅಜೀತ್ ಕಿಟ್ ತಂದವರು ತಮ್ಮ ಊರಿನ ಗಿರಾಕಿಗಳನ್ನು ಎಣಿಸಲಿಲ್ಲ. ಹತ್ತಾರು ದೇಶಗಳಲ್ಲಿ ಚದುರಿರುವ ಹವ್ಯಾಸಿಗಳನ್ನು ಒಟ್ಟು ಮಾಡಿ ಎಣಿಸಿದರು. ಟಪಾಲಿನಲ್ಲಿ ಹೋಗುವಷ್ಟು ಹಗುರವಾದ ಸರಕಿಗೆ ತಾಲ್ಲೂಕಿನ ಗಡಿ ಇಲ್ಲ.

ಎಲ್ಲಿಂದ ಆರಂಭಿಸಬೇಕು?

ಆರಂಭಕ್ಕೆ ಜೆಟ್ ವಿಮಾನವೇ ಬೇಕೆಂದಿಲ್ಲ. ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕಗೊಂಡದ್ದು. ಉದ್ದ ಸುಮಾರು 4.4 ಮೀಟರ್, ತೂಕ ಸುಮಾರು 55 ಟನ್. ಬಾಯಿಯಲ್ಲಿ ಆನೆಯನ್ನು ಕಚ್ಚಿ ಹಿಡಿದ ಸಿಂಹದ ಮುಖ ಅದರ ವೈಶಿಷ್ಟ್ಯ. 1/35 ಪ್ರಮಾಣದಲ್ಲಿ ಅದು ಹನ್ನೆರಡೂವರೆ ಸೆಂಟಿಮೀಟರಿನ ಮಾದರಿಯಾಗುತ್ತದೆ. ಬಿಡಿಭಾಗಗಳು ಕಡಿಮೆ, ಅಚ್ಚು ಸರಳ, ವಿಮಾನ ಸಂಸ್ಥೆಗಳ ಪರವಾನಗಿಯ ತೊಡಕಿಲ್ಲ. ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು ಅಳತೆ ತೆಗೆದರೆ ಆಯಿತು. ಸಿಂಹದ ಮುಖವನ್ನು ಕೆತ್ತಲು ಕಿನ್ನಾಳದ ಕೈ ಇದೆ. ಕೊಳ್ಳಲು ಹವ್ಯಾಸಿಯೂ ಇದ್ದಾನೆ, ವಿಜಯಪುರಕ್ಕೆ ಬರುವ ಪ್ರವಾಸಿಯೂ ಇದ್ದಾನೆ. ಪ್ರಪಂಚಕ್ಕಿಂತ ತನಗೆ ಹೆಚ್ಚು ಗೊತ್ತಿರುವ ವಸ್ತುವಿನಿಂದಲೇ ಸಣ್ಣ ತಯಾರಕನು ಮೊದಲು ಹೊರಡಬೇಕು.

ಮಂಡಳಿಯ ಸದಸ್ಯರು ಮೂರು ಕೆಲಸಗಳನ್ನು ಕೈಗೊಳ್ಳಬಹುದು. ಕೂಲಿ ಕೆಲಸದ ಕರಾರಿಗೆ ಸಹಿ ಹಾಕುವಾಗ ಅಚ್ಚಿನ ಒಡೆತನ, ದುರಸ್ತಿ, ಹಿಂತೆಗೆತದ ಮುನ್ಸೂಚನೆಯ ಅವಧಿ ಈ ಕಲಮುಗಳನ್ನು ಓದಿಯೇ ಸಹಿ ಹಾಕುವುದು ಮೊದಲನೆಯದು. ಕೂಲಿಯ ಆದಾಯದಲ್ಲಿ ಒಂದು ಪಾಲನ್ನು ಪ್ರತಿವರ್ಷ ಅಚ್ಚಿನ ನಿಧಿಯೆಂದು ಬೇರೆ ಖಾತೆಯಲ್ಲಿ ಇಡುವುದು, ಸಾಧ್ಯವಾದರೆ ನಾಲ್ಕೈದು ಘಟಕಗಳು ಸೇರಿ ಒಂದು ಅಚ್ಚಿಗೆ ಬಂಡವಾಳ ಹೂಡುವುದು ಎರಡನೆಯದು. ಸರಕು ಸಿದ್ಧವಾಗುವ ಮುನ್ನವೇ ನಕ್ಷೆಯನ್ನು ಹವ್ಯಾಸಿಗಳ ಮುಂದಿಟ್ಟು, ಅವರು ತೋರಿಸಿದ ತಪ್ಪುಗಳನ್ನು ಬರೆದುಕೊಳ್ಳುವುದು ಮೂರನೆಯದು. ಈ ಮೂರನೆಯದಕ್ಕೆ ಖರ್ಚಿಲ್ಲ. ಬೇಕಾದದ್ದು ತಾಳ್ಮೆ ಮಾತ್ರ. ಬಹುಶಃ ಅದೇ ಎಲ್ಲಕ್ಕಿಂತ ಕಠಿಣ.

ಭಾನಾಪುರದ ಷೆಡ್ಡುಗಳಲ್ಲಿ ಯಂತ್ರಗಳು ತಿರುಗಿದಷ್ಟೂ ಈ ಭಾಗದ ಯುವಕ ಯುವತಿಯರಿಗೆ ಕೆಲಸ ಸಿಗಲಿ ಎಂದು ಎಲ್ಲರೂ ಹಾರೈಸುವರು. ಆ ಷೆಡ್ಡುಗಳ ಕಪಾಟಿನಲ್ಲಿ ಒಂದಾದರೂ ಅಚ್ಚು ಗಜೇಂದ್ರಗಡದ ಅಥವಾ ಕೊಪ್ಪಳದ ಉದ್ಯಮಿಯ ಹೆಸರಿನಲ್ಲಿ ಇರಬೇಕು ಎಂಬುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತು. ಆ ಅಚ್ಚಿನಿಂದ ಹೊರಬಂದ ಕಿಟ್‌ನ್ನು ದೂರದ ದೇಶದ ಹವ್ಯಾಸಿಯೊಬ್ಬನು ಕೈಯಲ್ಲಿ ಹಿಡಿದು, ಸಿಂಹದ ಬಾಯಿಯ ಹಲ್ಲುಗಳನ್ನು ಎಣಿಸಿ, ಲೆಕ್ಕ ಸರಿಯಿದೆ ಎಂದು ಹೇಳುವ ದಿನ ಬಂದರೆ ಸಂತೆಯ ರೈತನ ಪರೀಕ್ಷೆಯಲ್ಲಿ ಈ ನಾಡಿನ ಸರಕು ತೇರ್ಗಡೆಯಾದಂತೆ.